ಕಾರಿನ ಕೀ ಕೊಡದೆ ‘ಓಡಿಸೋಕೆ ಬರಲ್ಲ’ ಅಂದರೆ ಹೇಗೆ?

ಪ್ರಶ್ನೆ: ನಾನು ಕಾರಟಗಿಯವಳು. ವಯಸ್ಸು 38. ಗಂಗಾವತಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್. ಹೋದ ವರ್ಷ ಕಾರು ಕಲಿತು ಡಿಎಲ್ ಮಾಡಿಸಿದೆ. ಎರಡು ತಿಂಗಳ ಹಿಂದೆ ಮನೆ ಗೇಟಿನೊಳಗೆ ಎಡಕ್ಕೆ ತಿರುಗಿಸುವಾಗ ಎಡಗಡೆ ಹಿಂದಿನ ಡೋರು ಕಂಬಕ್ಕೆ ಉಜ್ಜಿತು. ಅವತ್ತಿನಿಂದ ನಮ್ಮ ಮನೆಯವರು ಕೀ ಕೊಡುತ್ತಿಲ್ಲ. ‘ಹೆಣಮಕ್ಕಳ ಕೈಯಾಗ ಗಾಡಿ ಕೊಟ್ರ ಹಿಂಗ ಆಗ್ತೈತಿ’ ಅಂತಾರೆ ಅತ್ತೆ. ಹೋದ ಸುಗ್ಗಿಯಲ್ಲಿ ಮೈದುನ ಭತ್ತದ ಟ್ರ್ಯಾಲಿ ಪಲ್ಟಿ ಮಾಡಿಸಿದಾಗ ಮಾತ್ರ ಎಲ್ಲರೂ ‘ರಸ್ತಿ ಸರಿ ಇರ್ಲಿಲ್ಲ’ ಅಂದರು. ನೈಟ್ ಡ್ಯೂಟಿ ಇದ್ದಾಗ ನಾನೀಗ ಸ್ಕೂಟಿಯಲ್ಲೇ ಗಂಗಾವತಿಗೆ ಹೋಗಿಬರುತ್ತೇನೆ. ಕಾರು ಓಡಿಸುತ್ತಿದ್ದ ಕೆಲವು ದಿನಗಳಲ್ಲೂ ಪಕ್ಕದಲ್ಲಿ ಬೈಕ್ ಹುಡುಗರು ಬಂದು ಕಿರುಚುವುದು, ಲಾರಿಯವರು ಬೇಕಂತಲೇ ಹಾರ್ನ್ ಹೊಡೆಯುವುದು ಇತ್ತು. ಇನ್ನೊಂದು ವಿಷಯ. ಮಗಳು ಪಿಯುಸಿ ಸೈನ್ಸ್ ಓದುತ್ತಿದ್ದಾಳೆ, ಪೈಲಟ್ ಆಗಬೇಕು ಅಂತಾಳೆ. ಮನೆಗೆ ಬಂದ ನೆಂಟರು ‘ಮೊದ್ಲು ನಿಮ್ಮವ್ವ ಗೇಟ್ ದಾಟಿಸ್ಲಿ’ ಅಂತ ನಕ್ಕರು. ಮಗಳು ಎದ್ದು ಒಳಗೆ ಹೋದಳು. ಹೆಂಗಸರಿಗೆ ನಿಜವಾಗಲೂ ಗಾಡಿ ಓಡಿಸುವುದು ಕಷ್ಟವಾ? ನಾನು ಬಿಟ್ಟುಬಿಡಲಾ? ಮಗಳಿಗೆ ಏನು ಹೇಳಲಿ?

ಉತ್ತರ: ಮೊದಲು ಆ ಗೇಟಿನ ವಿಷಯ ಮುಗಿಸೋಣ. ನಿಮ್ಮ ಮನೆಯಲ್ಲಿ ಇಷ್ಟೆಲ್ಲ ಮಾತು ಬೆಳೆದಿದ್ದು ಅಲ್ಲಿಂದಲೇ.

ಕಾರು ತಿರುಗುವಾಗ ಹಿಂದಿನ ಗಾಲಿಗಳು ಮುಂದಿನ ಗಾಲಿ ಹೋದ ದಾರಿಯಲ್ಲೇ ಬರುವುದಿಲ್ಲ. ಒಳಗಡೆಗೆ ಕತ್ತರಿಸಿಕೊಂಡು ಬರುತ್ತವೆ. ನೀವು ಎಡಕ್ಕೆ ತಿರುಗಿದರೆ ಎಡಗಡೆ ಹಿಂದಿನ ಡೋರು ಕಂಬದ ಕಡೆಗೆ ಸರಿಯುತ್ತದೆ. ಮೂತಿ ಗೇಟು ದಾಟಿತಲ್ಲ ಅಂತ ಸ್ಟೇರಿಂಗ್ ಬೇಗ ಎಳೆದರೆ ಉಜ್ಜುವುದು ಅದೇ ಜಾಗ. ನಾನು ಬಳ್ಳಾರಿಯಲ್ಲಿ ಕಾರು ಕಲಿಸುವವಳು. ಹೊಸದಾಗಿ ಕಲಿತವರ ಕಾರುಗಳಲ್ಲಿ ನಾನು ಅತಿ ಹೆಚ್ಚು ನೋಡುವ ಗೀರು ಇದು. ಗಂಡಸರ ಕಾರಿನಲ್ಲೂ ಅದೇ ಡೋರಿನ ಮೇಲೆ ಇರುತ್ತದೆ.

ಸರಿ ಮಾಡುವುದು ಹೀಗೆ. ಗೇಟಿಗೆ ಬರುವ ಮೊದಲೇ ಓಣಿಯಲ್ಲಿ ಆದಷ್ಟು ಬಲಕ್ಕೆ ಸರಿದುಕೊಳ್ಳಿ. ಕಾರು ನಡಿಗೆಯ ವೇಗಕ್ಕೆ ಇಳಿಯಲಿ. ಎಡಗನ್ನಡಿಯಲ್ಲಿ ಕಂಬಕ್ಕೂ ಹಿಂದಿನ ಡೋರಿಗೂ ನಡುವೆ ಇರುವ ಸಂದನ್ನು ನೋಡುತ್ತಾ ತಿರುಗಿಸಿ. ಸಂದು ಕಿರಿದಾಗುತ್ತಾ ಬಂತು ಅನಿಸಿದರೆ ನಿಲ್ಲಿಸಿ. ಹಿಂದೆ ಯಾರೂ ಇಲ್ಲ ಅಂತ ನೋಡಿಕೊಂಡು ಸ್ವಲ್ಪ ಹಿಂದಕ್ಕೆ ಹೋಗಿ, ಮತ್ತೆ ಬನ್ನಿ. ಅದರಲ್ಲಿ ನಾಚಿಕೆ ಏನಿಲ್ಲ, ಮೂವತ್ತು ವರ್ಷ ಲಾರಿ ಓಡಿಸಿದವರೂ ಹಾಗೇ ಮಾಡುತ್ತಾರೆ. ಓಣಿ ತೀರಾ ಇಕ್ಕಟ್ಟಾಗಿದ್ದರೆ ರಿವರ್ಸ್‌ನಲ್ಲಿ ಒಳಗೆ ಹಾಕುವುದೇ ಸಲೀಸು. ಆಗ ತಿರುಗುವ ಗಾಲಿಗಳು ಹೊರಗಡೆ ಉಳಿಯುತ್ತವೆ, ಮೂತಿಯನ್ನು ಬೇಕಾದ ಕಡೆ ಆಡಿಸಬಹುದು. ಒಂದು ಖಾಲಿ ಜಾಗದಲ್ಲಿ ನಿಮ್ಮ ಗೇಟಿನಷ್ಟೇ ಅಗಲಕ್ಕೆ ಎರಡು ಖಾಲಿ ಡಬ್ಬಿ ಇಟ್ಟು ಒಂದು ವಾರ ಬೆಳಗ್ಗೆ ಮಾಡಿ ನೋಡಿ. ಡಬ್ಬಿ ಬಿದ್ದರೆ ಯಾರ ಗಂಟೂ ಹೋಗಲ್ಲ.

ಗಾಲಿಯ ಈ ಲೆಕ್ಕ ಪುಸ್ತಕ ಓದಿ ಬರುವುದಲ್ಲ. ಓಡಿಸುತ್ತಾ ಓಡಿಸುತ್ತಾ ಕೈಗೆ ಹತ್ತುತ್ತದೆ. ಈಗ ಕೀ ಎತ್ತಿಟ್ಟರೆ ಮುಂದಿನ ವರ್ಷ ಅದೇ ಕಂಬಕ್ಕೆ ಅದೇ ಡೋರು ಉಜ್ಜುತ್ತದೆ, ಅಷ್ಟೇ.

ಇನ್ನು ನಿಮ್ಮ ದೊಡ್ಡ ಪ್ರಶ್ನೆ. ಹೆಂಗಸರಿಗೆ ಹುಟ್ಟಿನಿಂದಲೇ ಇದು ಕಷ್ಟವಾ?

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳಾದವು. 1,68,491 ಜನ ಸತ್ತರು. ನೂರರಲ್ಲಿ 70ಕ್ಕೂ ಹೆಚ್ಚು ಸಾವು ಅತಿವೇಗದಿಂದ. ಸತ್ತವರಲ್ಲಿ ನೂರಕ್ಕೆ 85ರ ಆಸುಪಾಸು ಗಂಡಸರು. ಇದನ್ನೇ ಹಿಡಿದುಕೊಂಡು ‘ನೋಡಿ, ಗಂಡಸರೇ ಕೆಟ್ಟ ಡ್ರೈವರ್‌ಗಳು’ ಅಂತ ವಾದ ಮಾಡುವವರಿದ್ದಾರೆ. ನಾನು ಮಾಡಲ್ಲ. ನಮ್ಮ ರಸ್ತೆಗಳಲ್ಲಿ ಗಾಡಿ ಓಡಿಸುವವರಲ್ಲಿ ಬಹುಪಾಲು ಗಂಡಸರೇ. ಹಾಗಾಗಿ ಸಾಯುವವರಲ್ಲೂ ಅವರೇ ಜಾಸ್ತಿ ಇರುತ್ತಾರೆ. ಸರಿಯಾಗಿ ತೂಗಬೇಕೆಂದರೆ ಓಡಿಸಿದ ಕಿಲೋಮೀಟರ್‌ಗೆ ಎಷ್ಟು ಅಪಘಾತ ಅಂತ ನೋಡಬೇಕು.

ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಕಾರು ಓಡಿಸುವ ಅಮೆರಿಕ, ಬ್ರಿಟನ್‌ನಂಥ ದೇಶಗಳಲ್ಲಿ ಹಾಗೆ ನೋಡಿದ್ದಾರೆ. ಜೀವ ತೆಗೆಯುವ ಅಪಘಾತಗಳು ಕಿಲೋಮೀಟರ್ ಲೆಕ್ಕದಲ್ಲೂ ಗಂಡಸರಿಂದಲೇ ಜಾಸ್ತಿ. ವೇಗ, ಕುಡಿತ, ಬೆಲ್ಟ್ ಹಾಕದಿರುವುದು, ಇವು ಮುಖ್ಯ ಕಾರಣ. ಸಣ್ಣಪುಟ್ಟ ಗುದ್ದು, ಉಜ್ಜುವುದು ಹೆಂಗಸರ ಕಡೆ ಸ್ವಲ್ಪ ಜಾಸ್ತಿ ಅಂತ ಕೆಲವು ಅಧ್ಯಯನಗಳು ಹೇಳುತ್ತವೆ. ಅದನ್ನು ಮುಚ್ಚಿಡುವ ಅಗತ್ಯ ಇಲ್ಲ. ಆದರೆ ಯಾವುದು ದುಬಾರಿ? ಇದಕ್ಕೆ ಉತ್ತರ ಇನ್ಶೂರೆನ್ಸ್ ಕಂಪನಿಗಳನ್ನು ಕೇಳಬೇಕು, ಅವರಿಗೆ ಯಾರ ಮೇಲೂ ಪ್ರೀತಿ ಇಲ್ಲ. ಯುರೋಪಿನಲ್ಲಿ ಅವರು ಹೆಂಗಸರಿಗೆ, ಅದರಲ್ಲೂ ಚಿಕ್ಕ ವಯಸ್ಸಿನವರಿಗೆ, ಕಾರಿನ ಪ್ರೀಮಿಯಂ ಕಡಿಮೆ ಇಟ್ಟಿದ್ದರು. ಗಂಡು–ಹೆಣ್ಣು ಅಂತ ನೋಡಿ ಬೆಲೆ ಇಡಬಾರದು ಅಂತ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2011ರಲ್ಲಿ ತೀರ್ಪು ಕೊಟ್ಟಿತು. 2012ರ ಡಿಸೆಂಬರ್‌ನಿಂದ ಆ ರಿಯಾಯಿತಿ ನಿಂತಿತು. ಅಲ್ಲಿಯವರೆಗೆ ಕಡಿಮೆ ದುಡ್ಡು ಕಟ್ಟುತ್ತಿದ್ದವರು ಹೆಂಗಸರೇ.

‘ಹೆಂಗಸರಿಗೆ ದಿಕ್ಕು, ದೂರ ಅಂದಾಜು ಸಿಗಲ್ಲ’ ಅನ್ನುವ ಮಾತೂ ನಿಮ್ಮ ಕಿವಿಗೆ ಬಿದ್ದಿರಬೇಕು. ಈ ಮಾತಿಗೆ ಒಂದು ಸಣ್ಣ ಬೇರು ಇದೆ. ಒಂದು ವಸ್ತುವನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವ ಪರೀಕ್ಷೆಗಳಲ್ಲಿ ಸರಾಸರಿಯಾಗಿ ಗಂಡಸರು ಮುಂದಿರುತ್ತಾರೆ. ಆದರೆ ಟೊರಾಂಟೊದಲ್ಲಿ 2007ರಲ್ಲಿ ಒಂದು ಪ್ರಯೋಗ ನಡೆಯಿತು. ಸುಮಾರು 10 ಗಂಟೆ ವಿಡಿಯೊ ಗೇಮ್ ಆಡಿಸಿದ ಮೇಲೆ ಆ ಅಂತರ ಬಹಳ ಕಡಿಮೆಯಾಯಿತು. ಹತ್ತು ಗಂಟೆಯ ಅಭ್ಯಾಸಕ್ಕೆ ಕರಗುವುದನ್ನು ಹುಟ್ಟುಗುಣ ಅಂತ ಹಣೆಗೆ ಕಟ್ಟಬಹುದಾ?

ಇದರ ಉಲ್ಟಾ ಮಾತೊಂದಿದೆ. ‘ಹೆಣ್ಣುಮಕ್ಕಳು ಹುಟ್ಟಾ ಜಾಗ್ರತೆ, ಅವರೇ ಒಳ್ಳೆ ಡ್ರೈವರ್‌ಗಳು.’ ಇದನ್ನೂ ನಂಬಬೇಡಿ. ನನ್ನ ಹತ್ತಿರ ಕಲಿತ ಹೆಣ್ಣುಮಕ್ಕಳಲ್ಲಿ ಗಾಡಿಯನ್ನು ಬಾಣದಂತೆ ಬಿಡುವವರೂ ಇದ್ದರು, ಭಯಕ್ಕೆ ನಡುರಸ್ತೆಯಲ್ಲೇ ಬ್ರೇಕ್ ಹಾಕಿ ನಿಲ್ಲಿಸುವವರೂ ಇದ್ದರು. ಎರಡನೆಯದು ಮೊದಲನೆಯದರಷ್ಟೇ ಅಪಾಯ.

ಹಾಗಾದರೆ ವ್ಯತ್ಯಾಸ ಕಾಣುವುದು ಯಾಕೆ? ನಾನು ಬಳ್ಳಾರಿಯಲ್ಲಿ ಕಾರು ಕಲಿಸುವವಳು. ಕೌಲ್ ಬಜಾರಿನ ಇಕ್ಕಟ್ಟಿನಲ್ಲೂ ಕಲಿಸಿದ್ದೇನೆ, ತೋರಣಗಲ್ಲು ಕಡೆ ಅದಿರು ಲಾರಿಗಳ ನಡುವೆಯೂ ಕಲಿಸಿದ್ದೇನೆ. ವರ್ಷಾನುಗಟ್ಟಲೆ ನೋಡಿದ ಮೇಲೆ ನನಗೆ ಖಾತ್ರಿಯಾಗಿರುವುದು ಒಂದು ವಿಷಯ. ಮೊದಲ ದಿನ ಬಂದು ಕೂರುವ ಇಪ್ಪತ್ತರ ಹುಡುಗನೂ ಮೂವತ್ತೈದರ ಹೆಂಗಸೂ ಒಂದೇ ಕಡೆಯಿಂದ ಶುರು ಮಾಡುತ್ತಿರುವುದಿಲ್ಲ.

ಆ ಹುಡುಗ ಹತ್ತು ಹನ್ನೆರಡು ವರ್ಷಕ್ಕೇ ಅಪ್ಪನ ತೊಡೆಯ ಮೇಲೆ ಕೂತು ಟ್ರ್ಯಾಕ್ಟರ್ ಸ್ಟೇರಿಂಗ್ ಹಿಡಿದಿರುತ್ತಾನೆ. ಹದಿನಾಲ್ಕಕ್ಕೆ ಹೊಲದಿಂದ ಮನೆಗೆ ತಾನೇ ತಂದಿರುತ್ತಾನೆ. ಮಾಮನ ಬೈಕು, ಗೆಳೆಯನ ಆಟೊ, ಚಿಕ್ಕಪ್ಪನ ಗೂಡ್ಸ್ ಗಾಡಿ, ಎಲ್ಲಾ ಆಗಿರುತ್ತದೆ. ಇದೆಲ್ಲ ಕಾನೂನಿಗೆ ವಿರುದ್ಧ. ಚಿಕ್ಕ ಮಕ್ಕಳ ಕೈಗೆ ಗಾಡಿ ಕೊಟ್ಟರೆ ದೊಡ್ಡವರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು ಅಂತ 2019ರ ತಿದ್ದುಪಡಿ ಹೇಳುತ್ತದೆ. ಮಕ್ಕಳ ಕೈಗೆ ಗಾಡಿ ಕೊಡುವುದನ್ನು ನಾನೂ ಒಪ್ಪಲ್ಲ. ಆದರೆ ಅವನ ಕೈಗೆ ಅಭ್ಯಾಸ ಆಗಿರುವುದಂತೂ ನಿಜ. ಆ ವರ್ಷಗಳಲ್ಲಿ ಅವನು ಬದುವಿಗೆ ಗುದ್ದಿದ್ದಾನೆ, ಗೋಡೆಗೆ ಒರೆಸಿದ್ದಾನೆ, ಕಾಲುವೆ ಏರಿಯಿಂದ ಜಾರಿದ್ದಾನೆ. ಯಾರೂ ಲೆಕ್ಕ ಇಟ್ಟಿಲ್ಲ. ‘ಹುಡುಗರು ಅಂದ್ಮ್ಯಾಲ ಹಂಗs’ ಅಂದು ಬಿಟ್ಟಿದ್ದಾರೆ.

ಅದೇ ಮನೆಯ ಹೆಣ್ಣುಮಗಳಿಗೆ ಮೂವತ್ತೈದರವರೆಗೆ ಯಾರೂ ಸ್ಟೇರಿಂಗ್ ಮುಟ್ಟಿಸಿರುವುದಿಲ್ಲ. ಆಮೇಲೆ ಇಪ್ಪತ್ತು ಇಪ್ಪತ್ತೈದು ದಿನ ಡ್ರೈವಿಂಗ್ ಸ್ಕೂಲಿಗೆ ಹಾಕುತ್ತಾರೆ. ದಿನಕ್ಕೆ ಅರ್ಧ ಗಂಟೆ, ಬೆಳಗ್ಗೆ ಖಾಲಿ ರಸ್ತೆ, ಎರಡು ಬ್ರೇಕಿನ ಗಾಡಿ. ಬಹಳ ಕಡೆ ಕಾಲು ಮೇಷ್ಟ್ರದ್ದೇ ಬ್ರೇಕಿನ ಮೇಲೆ ಇರುತ್ತದೆ. ಆರ್‌ಟಿಒ ಮೈದಾನದಲ್ಲಿ ಟೆಸ್ಟ್ ಪಾಸಾಗುತ್ತದೆ, ಡಿಎಲ್ ಬರುತ್ತದೆ, ಬೀರುವಿನೊಳಗೆ ಸೇರುತ್ತದೆ. ಆರು ತಿಂಗಳು ಬಿಟ್ಟು ಒಂದು ದಿನ, ಮನೆಮಂದಿಯೆಲ್ಲ ಬಾಗಿಲಲ್ಲಿ ನಿಂತಿರುವಾಗ, ಅವಳು ಗೇಟಿನೊಳಗೆ ಕಾರು ತಿರುಗಿಸುತ್ತಾಳೆ. ಉಜ್ಜುತ್ತದೆ. ಎಲ್ಲರೂ ಅದನ್ನೇ ಕಾಯುತ್ತಿದ್ದವರಂತೆ ಮಾತು ಶುರು ಮಾಡುತ್ತಾರೆ.

ಕಲಿಯಲು ಬಿಡುವುದಿಲ್ಲ, ಆಮೇಲೆ ಕಲಿತಿಲ್ಲ ಅಂತ ತೋರಿಸುತ್ತಾರೆ. ಹೆಣ್ಣು ಅನ್ನುವುದರ ಮೇಲೆ ಹಾಕುವ ತಪ್ಪು ನಿಜವಾಗಿ ಅಭ್ಯಾಸದ ಗಂಟೆಗಳ ಲೆಕ್ಕದಲ್ಲಿದೆ. ನಿಮ್ಮ ಮೈದುನನ ಟ್ರ್ಯಾಲಿ ಪಲ್ಟಿಯಾದಾಗ ರಸ್ತೆಯನ್ನು ಬೈದರು. ನಿಮ್ಮ ಡೋರು ಉಜ್ಜಿದಾಗ ಇಡೀ ಹೆಣ್ಣುಮಕ್ಕಳನ್ನು ಬೈದರು. ಗಂಡಸಿನ ತಪ್ಪು ಅವನೊಬ್ಬನದು, ಹೆಂಗಸಿನ ತಪ್ಪು ಎಲ್ಲ ಹೆಂಗಸರದು. ನನಗೆ ತುಂಬಾ ಸಿಟ್ಟು ತರಿಸುವ ವಿಷಯ ಇದು. ಯಾಕೆಂದರೆ ಇದರಿಂದ ಒಳ್ಳೆಯ ಡ್ರೈವರ್ ಆಗಬಹುದಾದ ಎಷ್ಟೋ ಹೆಣ್ಣುಮಕ್ಕಳು ಕೀ ವಾಪಸ್ ಕೊಟ್ಟು ಹಿಂದಿನ ಸೀಟಿಗೆ ಹೋಗಿದ್ದಾರೆ. ನನ್ನ ಕಣ್ಣಮುಂದೆಯೇ ಹೋಗಿದ್ದಾರೆ.

ಆ ಮಾತುಗಳು ಬರೀ ಮನಸ್ಸಿಗೆ ನೋವು ಮಾಡಿ ಸುಮ್ಮನಾಗುವುದಿಲ್ಲ, ಕೈಯನ್ನೂ ಕೆಡಿಸುತ್ತವೆ. ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ಹೆಂಗಸರನ್ನು ಸಿಮ್ಯುಲೇಟರ್‌ನಲ್ಲಿ (ನಿಜವಾದ ಗಾಡಿ ಓಡಿಸಿದಂತೆಯೇ ಅನಿಸುವ ಯಂತ್ರ) ಕೂರಿಸಿ ಇದನ್ನು ಪರೀಕ್ಷೆ ಮಾಡಿದರು. ಕೆಲವು ಹೆಂಗಸರಿಗೆ ‘ಹೆಂಗಸರು ಯಾಕೆ ಕೆಟ್ಟದಾಗಿ ಓಡಿಸುತ್ತಾರೆ ಅಂತ ನೋಡುತ್ತಿದ್ದೇವೆ’ ಅನ್ನುವ ಅರ್ಥದ ಮಾತು ಮೊದಲೇ ಹೇಳಿದರು. ಉಳಿದವರಿಗೆ ಹೇಳಲಿಲ್ಲ. ಇದ್ದಕ್ಕಿದ್ದಂತೆ ರಸ್ತೆಗೆ ಇಳಿದ ಪಾದಚಾರಿಗೆ ಗುದ್ದುವ ಸಾಧ್ಯತೆ, ಆ ಮಾತು ಕೇಳಿಸಿಕೊಂಡವರಲ್ಲಿ ಎರಡು ಪಟ್ಟಿಗೂ ಜಾಸ್ತಿ ಇತ್ತು. ಇಂಥ ಪ್ರಯೋಗಗಳ ಫಲಿತಾಂಶ ಎಲ್ಲ ಕಡೆ ಅಷ್ಟೇ ದೊಡ್ಡದಾಗಿ ಬಂದಿಲ್ಲ. ಆದರೆ ನಾನು ಪಕ್ಕದ ಸೀಟಿನಲ್ಲಿ ಕೂತು ಕಂಡದ್ದೂ ಇದೇ. ಗಂಡ ಹಿಂದೆ ಕೂತ ದಿನ ಕ್ಲಚ್ ಎಗರುತ್ತದೆ. ಅವರಿಲ್ಲದ ದಿನ ಅದೇ ಕಾಲು ಮೆತ್ತಗೆ ಬಿಡುತ್ತದೆ. ತಲೆಯ ಅರ್ಧ ರಸ್ತೆಯಲ್ಲಿ, ಇನ್ನರ್ಧ ‘ಈಗ ಏನಂತಾರೋ’ ಅನ್ನುವುದರಲ್ಲಿ ಇದ್ದರೆ ಯಾರಿಗೇ ಆಗಲಿ ಹಾಗೇ ಆಗುತ್ತದೆ.

ಇನ್ನೊಂದು ಕಾರಣ ಯಾರೂ ಹೇಳುವುದಿಲ್ಲ. ಕಾರುಗಳನ್ನು ಬಹಳ ಕಾಲ ಸರಾಸರಿ ಗಂಡಸಿನ ಎತ್ತರ ತೂಕಕ್ಕೆ ಹೊಂದಿಸಿಯೇ ಪರೀಕ್ಷೆ ಮಾಡಿದ್ದಾರೆ. ಗುದ್ದಿಸಿ ನೋಡುವ ಗೊಂಬೆಯ ಎತ್ತರ ಸುಮಾರು 175 ಸೆಂಟಿಮೀಟರ್, ತೂಕ 77 ಕಿಲೊ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದವರು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದೇ ತರಹದ ಅಪಘಾತದಲ್ಲಿ ಬೆಲ್ಟ್ ಹಾಕಿದ ಹೆಂಗಸಿಗೆ ಗಂಭೀರ ಗಾಯ ಆಗುವ ಸಾಧ್ಯತೆ ಬೆಲ್ಟ್ ಹಾಕಿದ ಗಂಡಸಿಗಿಂತ ನೂರಕ್ಕೆ 47ರಷ್ಟು ಜಾಸ್ತಿ. ಹಾಗಾಗಿ ನಿಮ್ಮ ಮನೆಯವರು ಕೂತ ಸೀಟಿನಲ್ಲಿ ಹಾಗೇ ಕೂರಬೇಡಿ. ಕ್ಲಚ್ ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಬಾಗಿರಬೇಕು. ಎದೆಗೂ ಸ್ಟೇರಿಂಗ್‌ಗೂ ನಡುವೆ ಒಂದು ಗೇಣಿಗಿಂತ ಜಾಸ್ತಿ, ಅಂದರೆ ಕನಿಷ್ಠ 25 ಸೆಂಟಿಮೀಟರ್ ಜಾಗ ಬೇಕು, ಇಲ್ಲದಿದ್ದರೆ ಏರ್‌ಬ್ಯಾಗ್ ಉಬ್ಬಿದಾಗ ಪೆಟ್ಟು. ಬಾನೆಟ್ ಕಾಣುವಷ್ಟು ಸೀಟು ಎತ್ತರಿಸಿ. ಎತ್ತರಿಸುವ ಲಿವರ್ ಇಲ್ಲದಿದ್ದರೆ ಜಾರದ ಗಟ್ಟಿ ಕುಶನ್ ಹಾಕಿ. ಮೂರೂ ಕನ್ನಡಿ ನಿಮಗೆ ತಕ್ಕಂತೆ ತಿರುಗಿಸಿಕೊಳ್ಳಿ. ವೇಲ್ ಅಥವಾ ಸೆರಗು ಗೇರಿನ ಹತ್ತಿರ ಬಾರದಂತೆ ಕಟ್ಟಿಕೊಳ್ಳಿ. ಇದಿಷ್ಟೇ ಮಾಡಿದ ಮೇಲೆ ‘ಅಂದಾಜು ಸಿಗಲ್ಲ’ ಅನ್ನುತ್ತಿದ್ದ ಎಷ್ಟೋ ಜನಕ್ಕೆ ಅಂದಾಜು ಸಿಕ್ಕಿದೆ.

ಈಗ ಮುಂದೇನು ಮಾಡಬಹುದು ಅಂತ ನೋಡೋಣ.

ಬಿಟ್ಟುಬಿಡುವುದು ಒಂದು ದಾರಿ. ಮನೆಯಲ್ಲಿ ಶಾಂತಿ ಇರುತ್ತದೆ. ಆದರೆ ಕಲಿತದ್ದು ಕೆಲವೇ ತಿಂಗಳಲ್ಲಿ ಕೈಬಿಡುತ್ತದೆ. ಮತ್ತೆ ನೀವು ಬಿಟ್ಟರೆ ಏರುವುದು ಸ್ಕೂಟಿಯನ್ನು. ‘ಹೆಂಗಸರಿಗೆ ಸ್ಕೂಟಿ ಸಾಕು’ ಅನ್ನುವವರಿಗೆ ಒಂದು ಅಂಕಿ ತೋರಿಸಿ. 2022ರಲ್ಲಿ ದೇಶದ ರಸ್ತೆ ಸಾವುಗಳಲ್ಲಿ ನೂರಕ್ಕೆ 44ರಷ್ಟು ದ್ವಿಚಕ್ರ ವಾಹನದವರದ್ದು. ನಿಮ್ಮ ರಸ್ತೆ ನನಗೆ ಗೊತ್ತು. ಕಾರಟಗಿಯಿಂದ ಸಿದ್ದಾಪುರ, ಶ್ರೀರಾಮನಗರ ದಾಟಿ ಗಂಗಾವತಿಗೆ. ಸುಗ್ಗಿ ಬಂತೆಂದರೆ ಭತ್ತದ ಲಾರಿ, ಕಟಾವು ಮಷಿನ್, ಹಿಂದೆ ಲೈಟೂ ಇಲ್ಲದ ಹುಲ್ಲಿನ ಟ್ರ್ಯಾಲಿ, ರಸ್ತೆ ಮೇಲೇ ಒಣಹಾಕಿದ ಭತ್ತ, ಅದರ ಸುತ್ತ ಸಾಲಾಗಿ ಇಟ್ಟ ಕಲ್ಲು. ರಾತ್ರಿ ಆ ರಸ್ತೆಯಲ್ಲಿ ನಿಮ್ಮನ್ನು ಸ್ಕೂಟಿಯಲ್ಲಿ ಕಳಿಸುವ ಮನೆ, ಕಾರಿನ ಬಣ್ಣಕ್ಕೆ ಹೆದರುತ್ತಿದೆ. ಇದನ್ನು ನಿಮ್ಮ ಮನೆಯವರು ಒಂದು ನಿಮಿಷ ಕೂತು ಯೋಚಿಸಬೇಕು. ಅಲ್ಲಿಯವರೆಗೆ ಸ್ಕೂಟಿಯಲ್ಲೇ ಹೋಗಬೇಕಾದರೆ ಐಎಸ್‌ಐ ಹೆಲ್ಮೆಟ್ ಹಾಕಿ, ಪಟ್ಟಿ ಬಿಗಿಯಾಗಿರಲಿ. ಬೆಳಕಿಗೆ ಹೊಳೆಯುವ ಜಾಕೆಟ್ ಒಂದು ತೊಗೊಳ್ಳಿ.

ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸುವುದು ಇನ್ನೊಂದು ದಾರಿ. ಹೆಚ್ಚಿನವರು ಇದನ್ನೇ ಮಾಡುತ್ತಾರೆ. ಖರ್ಚಿಲ್ಲ. ಆದರೆ ಚೆನ್ನಾಗಿ ಓಡಿಸುವವರೆಲ್ಲ ಚೆನ್ನಾಗಿ ಕಲಿಸುವುದಿಲ್ಲ. ‘ಏ ಬ್ರೇಕ್, ಬ್ರೇಕ್’ ಅಂತ ಕಿರುಚಿದರೆ ಹೊಸಬರು ಆಕ್ಸಿಲರೇಟರ್ ಒತ್ತಿಬಿಟ್ಟಿದ್ದನ್ನು ನಾನು ನೋಡಿದ್ದೇನೆ. ಅವರು ಕೂರುವುದಾದರೆ ಮೊದಲೇ ಒಪ್ಪಂದ ಮಾಡಿಕೊಳ್ಳಿ. ಅಪಾಯ ಕಂಡರೆ ‘ನಿಧಾನ’ ಅನ್ನುವ ಒಂದೇ ಮಾತು. ಸ್ಟೇರಿಂಗ್‌ಗೆ ಕೈ ಹಾಕಬಾರದು. ಉಳಿದದ್ದು ಗಾಡಿ ನಿಲ್ಲಿಸಿದ ಮೇಲೆ. ಇದಕ್ಕೆ ಒಪ್ಪದವರು ಪಕ್ಕದಲ್ಲಿ ಕೂರುವುದೇ ಬೇಡ. ನಿಮ್ಮ ಹತ್ತಿರ ಡಿಎಲ್ ಇದೆ, ಎಲ್‌ಎಲ್‌ಆರ್ ಅಲ್ಲ. ಒಬ್ಬರೇ ಓಡಿಸಲು ಕಾನೂನಿನ ಅಡ್ಡಿ ಏನೂ ಇಲ್ಲ.

ನಾನು ನಿಮಗೆ ಹೇಳುವುದು ಮೂರನೆಯ ದಾರಿ. ಒಬ್ಬ ಒಳ್ಳೆ ಮೇಷ್ಟ್ರ ಹತ್ತಿರ ಎಂಟು ಹತ್ತು ಗಂಟೆ ಮತ್ತೆ ಕಲಿಯಿರಿ, ಆದರೆ ನಿಮ್ಮ ಸ್ವಂತ ಕಾರಿನಲ್ಲಿ, ನಿಮ್ಮ ಡ್ಯೂಟಿಯ ರಸ್ತೆಯಲ್ಲಿ. ಮೈದಾನ ಸಾಕಾಗಿದೆ. ಏನು ಕಲಿಸಬೇಕು ಅಂತ ನೀವೇ ಪಟ್ಟಿ ಕೊಡಿ: ಗೇಟು, ರಿವರ್ಸ್, ದಿಬ್ಬದಲ್ಲಿ ನಿಲ್ಲಿಸಿ ಎತ್ತುವುದು, ಟ್ರ್ಯಾಲಿ ಓವರ್‌ಟೇಕ್ ಮಾಡುವುದು, ಎದುರಿನ ಹೈಬೀಮಿನಲ್ಲಿ ರಾತ್ರಿ ಓಡಿಸುವುದು. ಇದರಲ್ಲೂ ತೊಂದರೆ ಇದೆ. ನಿಮ್ಮ ಕಾರಿಗೆ ಎರಡನೇ ಬ್ರೇಕ್ ಇರಲ್ಲ, ಹಾಗಾಗಿ ಮೊದಲ ಒಂದೆರಡು ದಿನ ಸ್ಕೂಲಿನ ಗಾಡಿಯಲ್ಲೇ ಓಡಿಸಿ. ಕೆಲವು ಮೇಷ್ಟ್ರುಗಳೂ ‘ಮೇಡಂ, ನಿಮಗೆ ಇಷ್ಟು ಸಾಕು ಬಿಡಿ’ ಅನ್ನುವವರೇ. ಅನಗತ್ಯವಾಗಿ ಕೈ ಮುಟ್ಟಿ ಗೇರು ಹಾಕಿಸುವವರೂ ಇದ್ದಾರೆ. ಅಂಥವರನ್ನು ಮೊದಲ ದಿನವೇ ಬಿಡಿ. ದುಡ್ಡು ಹೋದರೂ ಪರವಾಗಿಲ್ಲ.

ಆಮೇಲೆ ಒಬ್ಬರೇ ಓಡಿಸಿ. ಮೊದಲು ಭಾನುವಾರ ಬೆಳಗ್ಗೆ, ಊರೊಳಗೆ. ನಂತರ ಶ್ರೀರಾಮನಗರದವರೆಗೆ. ನಂತರ ಬೆಳಗಿನ ಡ್ಯೂಟಿಗೆ ಗಂಗಾವತಿ. ರಾತ್ರಿ ಕೊನೆಗೆ, ಅದೂ ಹಗಲಲ್ಲಿ ಆ ರಸ್ತೆಯ ಪ್ರತಿ ತಿರುವೂ ಗೊತ್ತಾದ ಮೇಲೆ. ವಾರಕ್ಕೆ ಒಮ್ಮೆ ಎರಡು ಗಂಟೆ ಓಡಿಸುವುದಕ್ಕಿಂತ ದಿನಾ ಅರ್ಧ ಗಂಟೆ ಓಡಿಸುವುದು ಒಳ್ಳೆಯದು. ಒಂದು ಮಾತು ಮರೆಯಬೇಡಿ: ಜನ ಕಡಿಮೆ ಅಂತ ತುಂಗಭದ್ರಾ ಎಡದಂಡೆ ಕಾಲುವೆಯ ಏರಿ ಮೇಲೆ ಪ್ರಾಕ್ಟೀಸ್ ಮಾಡಬೇಡಿ. ಕಿರಿದಾದ ದಾರಿ, ಎಷ್ಟೋ ಕಡೆ ತಡೆಗೋಡೆ ಇಲ್ಲ, ಎದುರು ಟ್ರ್ಯಾಕ್ಟರ್ ಬಂದರೆ ಸರಿಯಲು ಜಾಗ ಇರಲ್ಲ. ಹೊಸಬರಿಗೆ ಅದು ಜಾಗವೇ ಅಲ್ಲ.

ರಸ್ತೆಯಲ್ಲಿ ಕಾಡುವವರ ವಿಷಯ. ಹಾರ್ನ್ ಹೊಡೆಯುವ ಲಾರಿಗೆ ಎಡಕ್ಕೆ ಸರಿದು ದಾರಿ ಬಿಡಿ. ಅದು ಸೋಲಲ್ಲ, ಹತ್ತಾರು ಟನ್ನಿನ ಗಾಡಿಗೆ ಯಾರೇ ಆದರೂ ಬಿಡಬೇಕು. ಬೈಕ್ ಹುಡುಗರು ಪಕ್ಕಕ್ಕೆ ಬಂದರೆ ಗ್ಲಾಸ್ ಏರಿಸಿ, ಡೋರ್ ಲಾಕ್ ಮಾಡಿ, ಅವರ ಕಡೆ ನೋಡದೆ ಅದೇ ವೇಗದಲ್ಲಿ ಹೋಗಿ. ಓಡಿಸಿ ತಪ್ಪಿಸಿಕೊಳ್ಳಲು ಹೋಗಬೇಡಿ, ಅಪಘಾತ ಆಗುವುದೇ ಆಗ. ಬೆನ್ನು ಬಿಡದಿದ್ದರೆ ಮನೆ ಕಡೆ ತಿರುಗಿಸಬೇಡಿ. ಜನ ಇರುವ ಪೆಟ್ರೋಲ್ ಬಂಕ್‌ಗೆ ಅಥವಾ ಪೊಲೀಸ್ ಠಾಣೆಗೆ ಹೋಗಿ 112ಕ್ಕೆ ಫೋನ್ ಮಾಡಿ. ಹಿಂಬಾಲಿಸಿ ಕಾಡುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಪ್ರಕಾರ ಅಪರಾಧ. ಅಸಭ್ಯವಾಗಿ ಕೂಗುವುದು, ಸನ್ನೆ ಮಾಡುವುದು 79ನೇ ಸೆಕ್ಷನ್‌ಗೆ ಬರುತ್ತದೆ. ಮುಂದಿನ ಗಾಜಿಗೆ ಒಂದು ಡ್ಯಾಶ್‌ಕ್ಯಾಮ್ (ರಸ್ತೆಯನ್ನು ವಿಡಿಯೊ ಮಾಡುವ ಕ್ಯಾಮೆರಾ) ಹಾಕಿಸಿದರೆ ಗಾಡಿ ನಂಬರ್ ನೆನಪಿಡುವ ಕಷ್ಟ ಕಡಿಮೆ. ಸಣ್ಣ ಗುದ್ದಾಟ ಆದಾಗಲೂ ಅದೇ ಕಾಪಾಡುತ್ತದೆ. ಸೇರಿದ ಜನ ಸ್ಟೇರಿಂಗ್ ಹಿಂದೆ ಹೆಂಗಸನ್ನು ನೋಡಿದ ಕೂಡಲೇ ತೀರ್ಪು ಕೊಟ್ಟಿರುತ್ತಾರೆ. ಗಾಯಗೊಂಡವರಿದ್ದರೆ ಮೊದಲು ಅವರನ್ನು ನೋಡಿ, ನೀವು ನರ್ಸ್, ನಿಮಗೆ ಹೇಳಬೇಕಿಲ್ಲ. ಆಮೇಲೆ ಎರಡೂ ಗಾಡಿಯ ಫೋಟೊ ತೆಗೆಯಿರಿ. ಗದ್ದಲಕ್ಕೆ ಹೆದರಿ ಅಲ್ಲೇ ದುಡ್ಡು ಕೊಟ್ಟು, ಚೀಟಿಗೆ ಸಹಿ ಹಾಕಿ ಬರಬೇಡಿ.

ಮನೆಯವರ ಹತ್ತಿರ ಮಾತಾಡುವಾಗ ಹೆಂಗಸರು, ಗಂಡಸರು ಅನ್ನುವ ವಾದಕ್ಕೆ ಇಳಿಯಬೇಡಿ. ಅದರಲ್ಲಿ ಯಾರೂ ಸೋಲಲ್ಲ, ಕೀ ಮಾತ್ರ ಸಿಗಲ್ಲ. ನೈಟ್ ಡ್ಯೂಟಿಯ ರಸ್ತೆಯ ಮಾತು ತೆಗೆಯಿರಿ. ಡೋರಿನ ರಿಪೇರಿ ಖರ್ಚು ನಿಮ್ಮ ಸಂಬಳದಿಂದಲೇ ಕೊಡಿ, ಆ ಬಾಯಿ ಅಲ್ಲಿಗೆ ಮುಚ್ಚುತ್ತದೆ. ಎರಡು ತಿಂಗಳ ಅವಧಿ ಕೇಳಿ. ಹೆಚ್ಚಿನ ಗಂಡಂದಿರು ಕೆಟ್ಟವರೇನಲ್ಲ, ಹೆದರಿಕೆಯನ್ನು ಸಿಟ್ಟಿನಲ್ಲಿ ತೋರಿಸುತ್ತಾರೆ. ಆದರೂ ಒಪ್ಪದಿದ್ದರೆ, ದುಡಿಯುವವರು ನೀವು. ನಿಮ್ಮ ಹೆಸರಿನಲ್ಲೇ ಒಂದು ಸೆಕೆಂಡ್‌ಹ್ಯಾಂಡ್ ಸಣ್ಣ ಕಾರು ನೋಡಬಹುದು. ಅದರಿಂದ ಮನೆಯಲ್ಲಿ ಸ್ವಲ್ಪ ದಿನ ಮುನಿಸು ಇರುತ್ತದೆ, ಸಾಲದ ಕಂತೂ ಇರುತ್ತದೆ. ಎರಡನ್ನೂ ತಾಳಿಕೊಳ್ಳಬಲ್ಲಿರಾ ಅಂತ ನೀವೇ ತೂಗಿ ನೋಡಿ.

ಇನ್ನು ಮಗಳು. ಅವಳಿಗೆ ಪ್ರೇಮ್ ಮಾಥುರ್ ಅವರ ವಿಷಯ ಹೇಳಿ. 1947ರಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಪಡೆದವರು. ಹೆಂಗಸು ಅಂತ ಹಲವು ವಿಮಾನ ಕಂಪನಿಗಳು ಕೆಲಸ ಕೊಡಲಿಲ್ಲ. ಕೊಟ್ಟದ್ದು ಹೈದರಾಬಾದಿನ ಡೆಕ್ಕನ್ ಏರ್‌ವೇಸ್. ನಿಮ್ಮ ಗಂಗಾವತಿ ಕಡೆಯೆಲ್ಲ ಆಗ ಹೈದರಾಬಾದ್ ಸಂಸ್ಥಾನಕ್ಕೇ ಸೇರಿತ್ತು. ಆದರೆ ಅಲ್ಲೂ ಅವರಿಗೆ ಸಿಕ್ಕಿದ್ದು ಕೋ-ಪೈಲಟ್ ಸೀಟು. ವಿಮಾನದ ಪೂರ್ತಿ ಜವಾಬ್ದಾರಿ ಕೈಗೆ ಕೊಡಲಿಲ್ಲ, ಅವರು ಬಿಟ್ಟು ಹೋದರು. ಮುಂದೆ ಇಂಡಿಯನ್ ಏರ್‌ಲೈನ್ಸ್ ಸೇರಿದರು. ಕೆಲಸ ಕೊಟ್ಟು ಸೀಟು ಕೊಡದಿರುವುದು, ಡಿಎಲ್ ಮಾಡಿಸಿ ಕೀ ಕೊಡದಿರುವುದು, ಎರಡೂ ಒಂದೇ ಜಾತಿ ಅಲ್ವಾ?

ಈಗ ಪೈಲಟ್‌ಗಳಲ್ಲಿ ಹೆಂಗಸರು ಜಗತ್ತಿನಲ್ಲಿ ಸರಾಸರಿ ನೂರಕ್ಕೆ ಐದರ ಆಸುಪಾಸು ಇದ್ದರೆ, ನಮ್ಮ ದೇಶದಲ್ಲಿ 12ಕ್ಕೂ ಜಾಸ್ತಿ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಜೊತೆಯ ಹೆಣ್ಣುಮಕ್ಕಳೇ ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲೆ ಹಾದು ಬೆಂಗಳೂರಿಗೆ ಏರ್ ಇಂಡಿಯಾ ವಿಮಾನ ತಂದಿಳಿಸಿದರು. ಸೊಲ್ಲಾಪುರದಿಂದ ಮುಂಬೈಗೆ 2023ರಲ್ಲಿ ವಂದೇ ಭಾರತ್ ರೈಲು ಓಡಿಸಿದ ಸುರೇಖಾ ಯಾದವ್ 1980ರ ದಶಕದಲ್ಲೇ ಎಂಜಿನ್ ಏರಿದವರು. ವಿಮಾನದಲ್ಲಿ ಗಂಡು ಹೆಣ್ಣು ಇಬ್ಬರ ಹಾರಾಟದ ಗಂಟೆಗಳನ್ನೂ ಪುಸ್ತಕದಲ್ಲಿ ಬರೆದಿಡುತ್ತಾರೆ. ಇಬ್ಬರಿಗೂ ವರ್ಷಕ್ಕೆ ಎರಡು ಸಲ ಸಿಮ್ಯುಲೇಟರ್‌ನಲ್ಲಿ ಒಂದೇ ಪರೀಕ್ಷೆ. ನೆಂಟರ ನಗೆಗೆ ಅಲ್ಲಿ ಅಂಕ ಇಲ್ಲ.

ಅವಳಿಗೆ ಬೇಕಾದದ್ದು ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್. ಆಮೇಲೆ ಡಿಜಿಸಿಎ (ವಿಮಾನಯಾನವನ್ನು ನಿಯಂತ್ರಿಸುವ ಕೇಂದ್ರ ಸರ್ಕಾರದ ಸಂಸ್ಥೆ) ನಡೆಸುವ ಹವಾಮಾನ, ದಿಕ್ಕಿನ ಲೆಕ್ಕ, ವಿಮಾನ ನಿಯಮಗಳಂಥ ಪರೀಕ್ಷೆಗಳು, ಮತ್ತು 200 ಗಂಟೆ ಹಾರಾಟ. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ತರಬೇತಿ ಶಾಲೆ ಇದೆ, ಉತ್ತರ ಪ್ರದೇಶದ ಅಮೇಠಿಯಲ್ಲಿ ಕೇಂದ್ರ ಸರ್ಕಾರದ್ದಿದೆ. ಖರ್ಚು ಮಾತ್ರ ಭಾರಿ, ಅರ್ಧ ಕೋಟಿಯ ಆಸುಪಾಸು ಹೋಗುತ್ತದೆ. ಲೈಸೆನ್ಸ್ ಬಂದ ಮರುದಿನವೇ ಕೆಲಸ ಸಿಗುತ್ತದೆ ಅನ್ನುವ ಖಾತ್ರಿ ಇಲ್ಲ. ಹೊಲ ಅಡ ಇಟ್ಟು ಸಾಲ ಮಾಡುವ ಮೊದಲು ಇದನ್ನು ಮನೆಯಲ್ಲಿ ಬಿಡಿಸಿ ಮಾತಾಡಿ. ಎಲ್ಲಕ್ಕಿಂತ ಮೊದಲು ಡಿಜಿಸಿಎ ಒಪ್ಪಿದ ಡಾಕ್ಟರ ಹತ್ತಿರ ಪೈಲಟ್‌ಗಳ ಆರೋಗ್ಯ ತಪಾಸಣೆ, ಅಂದರೆ ಕ್ಲಾಸ್ 2 ಮೆಡಿಕಲ್, ನಂತರ ಕ್ಲಾಸ್ 1 ಮಾಡಿಸಿ. ಕನ್ನಡಕ ಇದ್ದರೆ ಅಡ್ಡಿಯಿಲ್ಲ, ಹಾಕಿಕೊಂಡಾಗ ದೃಷ್ಟಿ ಸರಿ ಇರಬೇಕು. ಬಣ್ಣ ಗುರುತಿಸುವುದರಲ್ಲಿ ತೊಂದರೆ ಇದ್ದರೆ ಅಲ್ಲೇ ಗೊತ್ತಾಗುತ್ತದೆ. ಮೆಡಿಕಲ್ ಕೈಗೆ ಬಂದ ಮೇಲೆಯೇ ಯಾವ ಶಾಲೆಗಾದರೂ ಅಡ್ವಾನ್ಸ್ ಕಟ್ಟಿ.